ಕರಿ ನಿಲುವಂಗಿಯ ಅಂಚು

ಬೆನ್ನುಮುರುಕ ಮೆಟ್ಟಿಲ ಬುಡದಲ್ಲಿ ನನ್ನ ಅಂಗಡಿ.
ಕೊಯಿಂಬ್ರಾದಲ್ಲಿ ಓದುವವರು ನನ್ನ ಮುಂದೆ ಹಾದೇ ಮೇಲೆ ಹತ್ತಬೇಕು.
ಇಳಿಯುವಾಗ ಯಾರೂ ಇತ್ತ ತಿರುಗುವುದಿಲ್ಲ,
ನಿಲುವಂಗಿ ಹರಿದವರ ಹೊರತು.

ಹರಿಯುವುದೂ ಇಲ್ಲೊಂದು ಶಾಸ್ತ್ರ.
ಮನೆಯವರು ಒಂದು ಕಡೆ, ಗೆಳೆಯರು ಇನ್ನೊಂದು ಕಡೆ
ಅಂಚನ್ನು ಹಲ್ಲಲ್ಲಿ ಕಚ್ಚಿ ಗೇಣುದ್ದ ಸೀಳಬೇಕು;
ಕತ್ತರಿ ತಾಗಿಸುವಂತಿಲ್ಲ.
ನಡುಬೆನ್ನಿನ ನೇರಕ್ಕೆ ಬರುವ ಸೀಳು ಪ್ರೀತಿಸಿದವರದು.
ಪ್ರೀತಿ ಮುರಿದರೆ ಅದನ್ನು ಹೊಲಿಸಬೇಕು. ನನ್ನ ಅನ್ನ ಅದು.
ಮೇ ತಿಂಗಳಲ್ಲಿ ಸಾಲುಗಟ್ಟುತ್ತಾರೆ, ಮೂಗು ಒರೆಸಿಕೊಳ್ಳುತ್ತ,
‘ಗೊತ್ತಾಗದ ಹಾಗೆ ಹೊಲಿಯಿರಿ, ದೋನಾ ದೆಯೊಲಿಂದಾ.’
ಕರಿ ಬಟ್ಟೆಗೆ ಕರಿ ದಾರ.
ನಲವತ್ತು ವರ್ಷಕ್ಕೆ ಒಂದು ಕಣ್ಣು ಹೋಯಿತು.

ವಿಶ್ವವಿದ್ಯಾಲಯಕ್ಕೆ ಏಳು ನೂರು ವಯಸ್ಸು.
ಮೊದಮೊದಲು ಅದಕ್ಕೂ ಮನೆಯಿರಲಿಲ್ಲವಂತೆ,
ಲಿಸ್ಬನ್ನಿಗೂ ಇಲ್ಲಿಗೂ ಬಾಡಿಗೆದಾರನ ಹಾಗೆ
ಗಂಟುಮೂಟೆ ಹೊತ್ತು ಅಲೆಯಿತಂತೆ,
ಕೊನೆಗೊಬ್ಬ ರಾಜ ಅರಮನೆಯನ್ನೇ ಬಿಟ್ಟುಕೊಟ್ಟನಂತೆ.

ನಮಗೆ ಯಾವ ರಾಜನೂ ಬರಲಿಲ್ಲ.
ನನಗಾಗ ಆರು ವರ್ಷ. ಗುಡ್ಡದ ಮೇಲಿನ ನಮ್ಮ ಬೀದಿಗೆ
ಸುಣ್ಣದಲ್ಲಿ ಗೀಟೆಳೆದರು:
ಇಲ್ಲಿ ಗಣಿತ, ಇಲ್ಲಿ ವೈದ್ಯ, ಇಲ್ಲಿ ಕಲ್ಲಿನ ದೊಡ್ಡ ಮೆಟ್ಟಿಲು.
ಒಲೆಯ ಮೇಲೆ ಸೊಪ್ಪಿನ ಸಾರು ಕುದಿಯುತ್ತಿತ್ತು.
ಅಮ್ಮ ಪಾತ್ರೆ ಸಮೇತ ಮಡಿಲಬಟ್ಟೆಯಲ್ಲಿ ಹಿಡಿದು ಗುಡ್ಡ ಇಳಿದಳು.
ಚೆಲ್ಲಿದ್ದು ಎಷ್ಟೋ. ಉಳಿದದ್ದನ್ನು
ಹೊಸ ಬಡಾವಣೆಯ ನಲ್ಲಿಯಿಲ್ಲದ ಮನೆಯಲ್ಲಿ ಉಂಡೆವು.

ಈಗ ಮೊಮ್ಮಗಳು ಕಿತೇರಿಯಾ ಅಲ್ಲೇ ಗಣಿತ ಓದುತ್ತಾಳೆ.
ಬಂದವರಿಗೆಲ್ಲ ಹೇಳಿದೆ. ಮೀನಿನವಳಿಗೆ ಎರಡು ಸಲ ಹೇಳಿದೆ.

ಅವಳು ಹೇಳುವುದು ಬೇರೆ.
ಪ್ರೊಫೆಸರರ ಟಿಪ್ಪಣಿ ಹಳದಿಯಾಗಿ ಮಡಿಕೆಯಲ್ಲಿ ಹರಿದಿದೆ,
ಕೆಮ್ಮೂ ಅದರಲ್ಲೇ ಬರೆದಿಟ್ಟ ಹಾಗೆ
ಪ್ರತಿವರ್ಷ ಅದೇ ಸಾಲಿಗೆ ಬರುತ್ತದಂತೆ.
ಮೊದಲ ವಾರ ಹಿರಿಯರು ಮಂಡಿಯೂರಿಸಿ, ಮುಖಕ್ಕೆ ಬಣ್ಣ ಬಳಿದು
‘ಕತ್ತೆಯ ಹಾಗೆ ಅರಚು’ ಎಂದರು. ಅರಚಿದಳು.
ಬ್ರಗಾನ್ಸಾದಿಂದ ಬಂದ ಗೆಳತಿ ಕಿಟಕಿಯಿಲ್ಲದ ಕೋಣೆಗೆ
ಅಪ್ಪನ ಅರ್ಧ ಸಂಬಳ ಸುರಿಯುತ್ತಾಳೆ.
ಹಳೆ ಗ್ರಂಥಾಲಯದೊಳಗೆ ಬಾವಲಿಗಳಿಗೆ ಪ್ರವೇಶವಿದೆ,
ಇವಳಿಗೆ ಚೀಟಿ ಬೇಕು.
ಆ ಬಾವಲಿಗಳು ಹುಳ ತಿಂದು ಪುಸ್ತಕ ಕಾಯುತ್ತವೆ, ಎಂದೆ;
ಹಿಕ್ಕೆ ಬೀಳದಂತೆ ರಾತ್ರಿ ಮೇಜಿಗೆ ಹೊದಿಸುವ ತೊಗಲಿಗೆ
ಒಂದು ಸಲ ಅಂಚು ಹೊಲಿದವಳು ನಾನೇ, ಎಂದೆ.
‘ನಮ್ಮನ್ನು ಯಾರು ಕಾಯುತ್ತಾರೆ ಅಜ್ಜಿ?’

ರೇಖಾಗಣಿತ ಎರಡನೇ ಸಲವೂ ಹೋಗಿತ್ತು.
ನನಗೆ ಹೇಳಿರಲಿಲ್ಲ.

ಒಂದು ಶನಿವಾರ ಕೈಹಿಡಿದು ಮೇಲೆ ಕರೆದೊಯ್ದಳು.
ಮೆಟ್ಟಿಲ ಬುಡದಲ್ಲೇ ಬದುಕಿದವಳು, ಅಂದಿನಿಂದ ನಾನು ಹತ್ತಿರಲಿಲ್ಲ.
ಇಗರ್ಜಿಯ ಮೂಲೆಯಿಂದ ನಮ್ಮ ಬಾಗಿಲಿಗೆ
ನೂರಾ ಹನ್ನೆರಡು ಹೆಜ್ಜೆ — ಅದು ಮಗುವಿನ ಕಾಲಿಗೆ.
ಮುದುಕಿಗೆ ಎಷ್ಟು?
ಅವಳು ಚೀಟಿಯೊಂದರ ಹಿಂದೆ ಗೀಚಿದಳು,
ನನ್ನ ಪಾದ ಅಳೆದಳು, ಆರು ವರ್ಷದವಳ ಎತ್ತರ ಊಹಿಸಿದಳು,
ಭಾಗಿಸಿದಳು, ಹೊಡೆದುಹಾಕಿದಳು, ಮತ್ತೆ ಭಾಗಿಸಿದಳು.
ಅಳೆದೂ ಸುರಿದೂ ಬಂದು ನಿಂತದ್ದು ಒಂದು ಪಾಠದ ಕೋಣೆ,
ಮೂರನೇ ಬೆಂಚು.
‘ಒಲೆ ಇಲ್ಲಿ’ ಎಂದೆ.
‘ನಾನು ಕೂರುವುದು ಅದರ ಹಿಂದೆ’ ಎಂದಳು.

ಇಬ್ಬರೂ ಕೂತೆವು.
ಕರಿಹಲಗೆಯ ಮೇಲೆ ಯಾರೋ ಅರ್ಧ ಒರೆಸಿ ಬಿಟ್ಟ ವೃತ್ತ.
ಗೋಪುರದ ಗಂಟೆ ಬಡಿಯಿತು. ಅದಕ್ಕೆ ಇಲ್ಲಿ ಮೇಕೆ ಎಂದು ಹೆಸರು;
ಓದಲು ಕೂಡಿರೆಂದು ಎಷ್ಟೋ ತಲೆಮಾರುಗಳಿಗೆ ಅರಚಿದೆ.

‘ಬಿಟ್ಟುಬಿಡಲೇ?’ ಎಂದಳು.
ಉತ್ತರ ನನಗೆ ಗೊತ್ತಿರಲಿಲ್ಲ.
ಅವಳ ನಿಲುವಂಗಿಯ ಅಂಚನ್ನು ಎಳೆದುಕೊಂಡೆ,
ನಾನೇ ಮಡಿಸಿ, ಎರಡು ಸುತ್ತು ದಾರ ಓಡಿಸಿದ ಅಂಚು.
ಉಳಿದ ಹಲ್ಲುಗಳಲ್ಲಿ ಕಚ್ಚಿ ಎಳೆದೆ.
ಬರಲಿಲ್ಲ. ನನ್ನ ಹೊಲಿಗೆ ನನಗೇ ಬಗ್ಗಲಿಲ್ಲ.

‘ಇನ್ನೊಮ್ಮೆ, ಅಜ್ಜಿ’ ಎಂದು
ಅವಳು ಬಟ್ಟೆಯನ್ನು ಬಿಗಿಯಾಗಿ ಹಿಡಿದಳು.